ಕಜ್ಜಾಯ ಕಲರ್

ನಮ್ಮ ಹಳೇಕೋಟೆ ಹೋಬಳಿ ಕೇಂದ್ರ. ನಾಡಕಚೇರಿ ಇದೆ, ರೈತ ಸಂಪರ್ಕ ಕೇಂದ್ರ ಇದೆ. ಪಹಣಿ ಬೇಕೆಂದರೆ ಸಿಗುತ್ತದೆ, ಜಾತಿ ಪ್ರಮಾಣಪತ್ರ ಸಿಗುತ್ತದೆ, ಬಿತ್ತನೆ ಬೀಜವೂ ಸಿಗುತ್ತದೆ. ಸೀರೆಗೆ ಹೊಂದುವ ಫಾಲ್ಸ್ ಮಾತ್ರ ಸಿಗುವುದಿಲ್ಲ. ಗಂಡಸರಿಗಾಗಿ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ: ಫಾಲ್ಸ್ ಎಂದರೆ ಸೀರೆಯ ಕೆಳ ಅಂಚಿಗೆ ಒಳಗಡೆಯಿಂದ ಹೊಲಿಯುವ ನಾಲ್ಕೈದು ಇಂಚಿನ ಪಟ್ಟಿ. ಹೊರಗೆ ಯಾರಿಗೂ ಕಾಣಿಸುವುದಿಲ್ಲ. ಬಣ್ಣ ಹೊಂದದಿದ್ದರೆ ಮಾತ್ರ ಇಡೀ ಮದುವೆಮನೆಗೆ ಕಾಣಿಸುತ್ತದೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನನಗೆ ಅಧಿಕಾರವಿದೆ. ಬಣ್ಣ ನೋಡುವುದೇ ನನ್ನ ಹೊಟ್ಟೆಪಾಡು. ಹಾಸನದ ಗೊರೂರು ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆ ಹೊಲಿದು ಹೊರದೇಶಕ್ಕೆ ಕಳಿಸುವ ಕಡೆ ನಾನು ಚೆಕಿಂಗ್. ಊರಲ್ಲಿ ಇದಕ್ಕೆಲ್ಲ ಒಂದೇ ಹೆಸರು, ಗಾರ್ಮೆಂಟ್ಸು. ‘ನಿಮ್ ಹುಡ್ಗಿ ಏನ್ ಮಾಡ್ತಾಳೆ?’ ‘ಗಾರ್ಮೆಂಟ್ಸ್‌ಗೆ ಹೋಯ್ತಾಳೆ.’ ಅಷ್ಟಕ್ಕೇ ಕೇಳಿದವರು ನನ್ನನ್ನು ಮಿಷನ್ ಮುಂದೆ ಕೂರಿಸಿಬಿಡುತ್ತಾರೆ. ನಾನು ಹೊಲಿಯುವವಳಲ್ಲ, ಹೊಲಿದದ್ದರಲ್ಲಿ ಹುಳುಕು ಹುಡುಕುವವಳು. ಈ ವಿದ್ಯೆ ನಮ್ಮ ಮನೆತನದ ಹೆಂಗಸರಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೆ ಸಂಬಳ ಕೊಡುವವರು ಸಿಕ್ಕಿದ್ದು ನನ್ನ ಕಾಲಕ್ಕೆ.

ಒಂದೇ ಬಣ್ಣವೆಂದು ಬಂದ ಎರಡು ಥಾನುಗಳಲ್ಲಿ ಕೂದಲೆಳೆಯಷ್ಟಾದರೂ ವ್ಯತ್ಯಾಸ ಇದ್ದೇ ಇರುತ್ತದೆ. ಒಂದರಿಂದ ಮೈ, ಇನ್ನೊಂದರಿಂದ ತೋಳು ಕತ್ತರಿಸಿ ಹೊಲಿದುಬಿಟ್ಟರೆ ಅಂಗಿ ತೊಟ್ಟವನ ಮೈ ಒಬ್ಬರದು, ಕೈ ಇನ್ನೊಬ್ಬರದು ಆಗಿಬಿಡುತ್ತದೆ. ಅದನ್ನು ಹಿಡಿಯಲೆಂದೇ ನಮ್ಮಲ್ಲಿ ಒಂದು ಪೆಟ್ಟಿಗೆ ಇದೆ, ಲೈಟ್ ಬಾಕ್ಸ್. ಒಳಗೆಲ್ಲ ಬೂದುಬಣ್ಣ. ಒಂದು ಗುಂಡಿ ಒತ್ತಿದರೆ ಹಗಲಿನ ಬೆಳಕು, ಅದರ ಹೆಸರು ಡಿ-65. ಇನ್ನೊಂದನ್ನು ಒತ್ತಿದರೆ ಯೂರೋಪಿನ ಅಂಗಡಿಗಳ ಟ್ಯೂಬ್‌ಲೈಟು, ಟಿಎಲ್-84. ಮತ್ತೊಂದು ಮನೆಯ ಹಳದಿ ಬಲ್ಬು. ಹಗಲು ಬೆಳಕಿನಲ್ಲಿ ಅಕ್ಕತಂಗಿಯರಂತಿದ್ದ ಎರಡು ತುಂಡುಗಳು ಟ್ಯೂಬ್‌ಲೈಟು ಬಿದ್ದ ಕೂಡಲೇ ಅತ್ತೆಸೊಸೆಯರಾಗುವುದುಂಟು. ಎರಡಕ್ಕೂ ಬೇರೆ ಬೇರೆ ಬಣ್ಣದ ಪುಡಿ ಬೆರೆಸಿ ಅದ್ದಿದ್ದರೆ ಹೀಗೆ. ಪುಸ್ತಕದಲ್ಲಿ ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ನಮ್ಮ ಲೈನಿನಲ್ಲಿ ‘ಕಲರ್ ಕೈಕೊಡ್ತು’ ಎನ್ನುತ್ತೇವೆ.

ವರ್ಷಪೂರ್ತಿ ಯಾರ್ಯಾರದೋ ಅಂಗಿಯ ತೋಳು ಹೊಂದಿಸುವ ಈ ಕಣ್ಣಿಗೆ ಸ್ವಂತಕ್ಕೆ ಕೆಲಸ ಕೊಡುವುದು ಹಬ್ಬಗಳು. ಅದರಲ್ಲೂ ಆಯುಧಪೂಜೆ. ಗಾರ್ಮೆಂಟ್ಸಿನಲ್ಲಿ ಆಯುಧಪೂಜೆ ನೋಡದವರಿಗೆ ಹಬ್ಬವೆಂದರೇನೆಂದು ನಾನು ವಿವರಿಸಲಾರೆ. ಮಿಷನ್ನಿಗೆಲ್ಲ ಚೆಂಡು ಹೂವು, ಬಾಳೆಕಂದು, ಬೂದಗುಂಬಳ, ಕೈಗೊಂದು ಪುರಿ ಬೂಂದಿಯ ಪೊಟ್ಟಣ. ಇದೆಲ್ಲ ಮೇಲ್ನೋಟಕ್ಕೆ. ಒಳಗಿನ ಹಬ್ಬ ಗಣೇಶನನ್ನು ಬಿಟ್ಟ ಮಾರನೇ ದಿನವೇ ವಾಟ್ಸಾಪಿನಲ್ಲಿ ಶುರುವಾಗಿರುತ್ತದೆ: ಈ ಸಲ ನಮ್ಮ ಲೈನಿಗೆ ಯಾವ ಸೀರೆ? ಲೈನಿಗೊಂದು ಬಣ್ಣ, ಇಡೀ ಲೈನು ಒಂದೇ ಸೀರೆ. ಒಬ್ಬಳು ಫೋಟೋ ಹಾಕುತ್ತಾಳೆ, ಉಳಿದವರು ಬೆರಳು ಎತ್ತುತ್ತಾರೆ ಇಲ್ಲವೇ ಮುಖ ತಿರುಗಿಸುತ್ತಾರೆ. ಪಕ್ಕದ ಲೈನಿನವರಿಗೆ ಗೊತ್ತಾಗಬಾರದು. ಗೊತ್ತಾದರೆ ಅವರೂ ಅದೇ ಬಣ್ಣ ಹಿಡಿದುಬಿಡುತ್ತಾರೆ. ಹಾಸನದಲ್ಲಿ ಗುಟ್ಟಾಗಿ ನಡೆಯುವ ರಾಜಕೀಯವೆಲ್ಲ ಜಿಲ್ಲಾ ಪಂಚಾಯ್ತಿಯಲ್ಲೇ ನಡೆಯುತ್ತದೆಂದು ತಿಳಿದವರಿಗೆ ನಮ್ಮ ಗುಂಪಿನ ಪರಿಚಯವಿಲ್ಲ.

ಎಲ್ಲರೂ ಒಂದೇ ಸೀರೆ ಉಟ್ಟ ಮೇಲೆ ಯಾರು ಯಾರೆಂದು ತಿಳಿಯುವುದು ಹೇಗೆ? ಬ್ಲೌಸಿನಿಂದ. ಅಲ್ಲಿಂದ ಯುದ್ಧ. ಒಬ್ಬಳು ಬೆನ್ನಿಗೆ ಲಟ್ಕನ್ ಕಟ್ಟಿಸುತ್ತಾಳೆ, ಇನ್ನೊಬ್ಬಳು ತೋಳಿಗೆ ಆರಿ ವರ್ಕು ಹಾಕಿಸುತ್ತಾಳೆ, ಮತ್ತೊಬ್ಬಳು ತೋಳಿನ ಮೇಲೆ ಆನೆ, ಬೆನ್ನಿನ ಮೇಲೆ ನವಿಲು ಕೂರಿಸಿಕೊಂಡು ಬರುತ್ತಾಳೆ. ಸೀರೆ ಎಂಟುನೂರು, ಬ್ಲೌಸು ಎರಡು ಸಾವಿರದ ಇನ್ನೂರು. ‘ಮೂಗಿಗಿಂತ ಮೂಗುತಿ ಭಾರ’ ಎಂದು ಅವ್ವ ಇದನ್ನೇ ಕಂಡು ಹೇಳಿರಬೇಕು. ನನ್ನ ಉತ್ತರ ಇಷ್ಟೇ: ಅವ್ವಾ, ಮೂಗು ಎಲ್ಲರಿಗೂ ಒಂದೇ ಕೊಟ್ಟ ಮೇಲೆ ಮೂಗುತಿಯಲ್ಲೇ ತಾನೆ ತೋರಿಸಬೇಕು?

ದುಡ್ಡು ಎಲ್ಲಿಂದ ಎಂಬ ಪ್ರಶ್ನೆಯನ್ನು ಅಪ್ಪ ವರ್ಷಕ್ಕೆ ಕೆಲವು ಸಲ ಕೇಳುತ್ತಾರೆ, ಉತ್ತರ ಗೊತ್ತಿದ್ದೂ. ನಮ್ಮ ಕಡೆ ಬಟ್ಟೆಯ ದುಡ್ಡಿಗೆ ಅದರದೇ ಪಂಚಾಂಗವಿದೆ. ಗೌರಿಹಬ್ಬದ ಸೀರೆ ಆಲೂಗಡ್ಡೆಯ ಕೈಯಲ್ಲಿ. ಮುಂಗಾರಿಗೆ ಹಾಕಿದ ಗಡ್ಡೆ ಗೌರಿಹಬ್ಬದ ಹೊತ್ತಿಗೆ ಕೀಳಲು ಬರುತ್ತದೆ. ಬೀಜದ ಗಡ್ಡೆ ಜಲಂಧರದಿಂದ ಲಾರಿಯಲ್ಲಿ ಹಾಸನದ ಎ.ಪಿ.ಎಂ.ಸಿ.ಗೆ ಇಳಿದು, ಅಲ್ಲಿಂದ ನಮ್ಮ ಹೊಲಕ್ಕೆ ಬಂದು, ಅಂಗಮಾರಿ ರೋಗ ತಪ್ಪಿಸಿಕೊಂಡು, ಕಿತ್ತ ದಿನ ರೇಟೂ ಇದ್ದರೆ ಅವ್ವನಿಗೆ ರೇಷ್ಮೆ. ಅಂಗಮಾರಿ ಬಿದ್ದ ವರ್ಷ ಬಾಗಿನದ ಜೊತೆ ಬಂದ ಬ್ಲೌಸ್ ಪೀಸಿನಲ್ಲೇ ಹಬ್ಬ. ಮನೆಯ ಒಡೆದ ಟೀ ಲೋಟದಿಂದ ಹಿಡಿದು ಹೇರ್‌ಕ್ಲಿಪ್ಪಿನವರೆಗೆ ಸಣ್ಣಪುಟ್ಟದ್ದೆಲ್ಲ ಡೇರಿ ಬಟವಾಡೆಯಿಂದ, ಅಂದರೆ ಹಸುವಿನಿಂದ. ಅವ್ವ ನೈಟಿ ತೆಗೆದುಕೊಂಡಾಗಲೆಲ್ಲ ಕೊಟ್ಟಿಗೆಗೆ ಹೋಗಿ ಬಂದವಳಂತೆ ಖುಷಿಯಾಗಿರುತ್ತಾಳೆ. ದೀಪಾವಳಿ ಮಾತ್ರ ನನ್ನದು, ಬೋನಸ್ಸಿನದು. 1965ರ ಬೋನಸ್ ಕಾಯ್ದೆ ಮಾಡಿದವರು ಯಾರೋ ಗೊತ್ತಿಲ್ಲ, ಅವರ ಮನೆಯಲ್ಲಿ ನನ್ನಂಥ ಮಗಳೊಬ್ಬಳು ಇದ್ದಿರಲೇಬೇಕು. ಕನಿಷ್ಠ ಇಷ್ಟು ಎಂದು ಬರೆದು (ಈಗ ಅದು ಶೇಕಡಾ 8.33), ಮಾರ್ಚಿಗೆ ಲೆಕ್ಕ ಮುಗಿದ ಮೇಲೆ ಎಂಟು ತಿಂಗಳೊಳಗೆ ಕೊಡಬೇಕೆಂದೂ ಬರೆದರು. ಬೆರಳು ಮಡಚಿ ಎಣಿಸಿ ನೋಡಿ, ನವೆಂಬರ್ ಕೊನೆ. ಹಬ್ಬ ದಾಟಿಸಿ ಕೊಟ್ಟರೆ ಯಾರು ಮಾತು ಕೇಳುತ್ತಾರೆ ಎಂದು ಎಲ್ಲರೂ ಹಬ್ಬದ ಮುಂಚೆಯೇ ಕೊಟ್ಟುಬಿಡುತ್ತಾರೆ.

ಇಷ್ಟಿದ್ದರೂ ನಮ್ಮ ಶಾಪಿಂಗಿಗೆ ಒಂದು ಕಾಲಕ್ಕೆ ಲಗಾಮು ಇತ್ತು, ಬಸ್ ಚಾರ್ಜು. ಹಾಸನಕ್ಕೆ ಹೋಗಿ ಬರುವುದಕ್ಕೆ ಆಗುವ ದುಡ್ಡಿನಲ್ಲಿ ಒಂದು ಡಜನ್ ಗಾಜಿನ ಬಳೆಯೇ ಬರುತ್ತದೆ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಆದ್ದರಿಂದ ಪಟ್ಟಿ ಮಾಡಿ, ಒಟ್ಟಿಗೆ ಹೋಗಿ, ಒಟ್ಟಿಗೆ ತರುತ್ತಿದ್ದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಲಗಾಮು ಬಿಚ್ಚಿತು. ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ಟು. ಸೊನ್ನೆಯಾದರೂ ಟಿಕೆಟ್ ಇಸಿದುಕೊಳ್ಳಲೇಬೇಕು, ಆ ಸೊನ್ನೆಗಳನ್ನೆಲ್ಲ ಕೂಡಿಯೇ ನಿಗಮಕ್ಕೆ ಸರ್ಕಾರ ದುಡ್ಡು ಕಟ್ಟಿಕೊಡುವುದು. ಈಗ ಬ್ಲೌಸಿನ ಹುಕ್ಕು ಒಂದು ಸಾಲು ಕಮ್ಮಿ ಬಿದ್ದರೆ ಹೊಳೆನರಸೀಪುರ. ಅಲ್ಲಿ ಬಣ್ಣ ಸಿಗದಿದ್ದರೆ ಹಾಸನ. ಹಾಸನದಲ್ಲೂ ಮನಸ್ಸಿಗೆ ಬರದಿದ್ದರೆ ಚನ್ನರಾಯಪಟ್ಟಣದಲ್ಲಿ ಅತ್ತೆ ಮನೆ ಇದೆ, ಅವರನ್ನೂ ಮಾತಾಡಿಸಿಕೊಂಡು ಬಂದಂತಾಯಿತು. ಹುಕ್ಕಿಗೆಂದು ಹೋದವಳು ಹುಕ್ಕೊಂದನ್ನೇ ತಂದ ಉದಾಹರಣೆ ನಮ್ಮ ತಾಲ್ಲೂಕಿನಲ್ಲಿ ಇಲ್ಲ. ‘ಬಸ್ಸು ಫ್ರೀ ಮಾಡಿ ಮನೆ ಖರ್ಚು ಡಬಲ್ ಮಾಡವ್ರೆ’ ಎಂದು ಅಪ್ಪ ಹೇಳುವುದರಲ್ಲಿ ಸತ್ಯಾಂಶವಿದೆ. ಆದರೆ ಹುಕ್ಕಿನ ನೆಪದಲ್ಲಿ ಅವ್ವ ಜೀವಮಾನದಲ್ಲಿ ಮೊದಲ ಸಲ ಒಬ್ಬಳೇ ಹಾಸನಕ್ಕೆ ಹೋಗಿ, ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ಕೂತು, ಕಳ್ಳೆಕಾಯಿ ತಿಂದು ಬಂದಳು. ಅದನ್ನು ಯಾವ ಲೆಕ್ಕಕ್ಕೆ ಹಾಕೋಣ?

ಸರಿ, ಫಾಲ್ಸ್ ಸಿಗದ ಆ ಸೀರೆಯ ವಿಷಯಕ್ಕೆ ಬರುತ್ತೇನೆ. ಆಯುಧಪೂಜೆಯಲ್ಲಿ ನಮ್ಮ ಲೈನಿನವರೆಲ್ಲ ರಾಮಾ ಗ್ರೀನ್ ಉಟ್ಟು ಹತ್ತು ಸಾಲು ಪೈರು ನಿಂತ ಹಾಗೆ ಫೋಟೋ ತೆಗೆಸಿಕೊಂಡಿದ್ದಾಗಿತ್ತು. ದೀಪಾವಳಿಗೆ ಯಾರ ಹತ್ತಿರವೂ ಇಲ್ಲದ ಬಣ್ಣ ಬೇಕೆಂದು ನಾನು ಹಟ ಹಿಡಿದೆ. ಬೋನಸ್ ಬಂದ ಭಾನುವಾರ ಅತ್ತಿಗೆಯನ್ನು ಕರೆದುಕೊಂಡು ಹಾಸನದ ಒಂದು ಜವಳಿ ಅಂಗಡಿಯ ಹಾಸುಗೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಅಂಗಡಿ ಹುಡುಗ ಒಂದೊಂದೇ ಬಿಚ್ಚಿ ಎಸೆಯತೊಡಗಿದ. ‘ಮೇಡಂ, ಇದು ಎಂ.ಎಸ್. ಬ್ಲೂ.’ ಬೇಡ, ದೊಡ್ಡಮ್ಮನ ಹತ್ತಿರ ಇದೆ. ‘ಇದು ಆನಿಯನ್ ಪಿಂಕ್.’ ಈರುಳ್ಳಿ ಸಿಪ್ಪೆ ಬಣ್ಣ, ಕೊಟ್ಟಿಗೆ ಪಕ್ಕ ರಾಶಿ ಬಿದ್ದಿದೆ, ಬೇಡ. ‘ಬದನೆಕಾಯಿ ಕಲರ್?’ ಬದನೆಕಾಯಿ ನಮ್ಮನೆಯಲ್ಲಿ ವಾರಕ್ಕೆ ನಾಲ್ಕು ದಿನ. ‘ಮಸ್ಟರ್ಡ್?’ ಸಾಸಿವೆ. ‘ಪಿಸ್ತಾ?’ ಅತ್ತಿಗೆ ಕಿವಿಯಲ್ಲಿ ಹೇಳಿದಳು: ‘ಅಡುಗೆಮನೆಯಿಂದ ಆಚೆ ಬರೋಣಾಂತ ಸೀರೆ ತಗೊಳಕ್ಕೆ ಬಂದ್ರೆ ಇವ್ರು ಅಲ್ಲಿಗೇ ಕರ್ಕೊಂಡ್ ಹೋಗ್ತಾರಲ್ಲೇ.’

ಮೈಸೂರು ಸಿಲ್ಕಿನ ಮಾತೂ ಬಂತು. ಅವ್ವನ ಮದುವೆಯದು ಒಂದಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಸೀರೆ, ಮೈಯೆಲ್ಲ ಒಂದೇ ಬಣ್ಣ, ಅಂಚಿಗೆ ಜರಿ, ಮುಟ್ಟಿದರೆ ಬೆರಳಿನಿಂದ ಜಾರುತ್ತದೆ. ಟ್ರಂಕಿನಿಂದ ವರ್ಷಕ್ಕೊಂದು ಸಲ ತೆಗೆದು ಮಡಿಕೆ ಬದಲಿಸಿ ಒಳಗಿಡುತ್ತಾಳೆ. ಆ ಒಂದು ನಿಮಿಷ ಮುಟ್ಟಲು ನಮಗೆಲ್ಲ ಅವಕಾಶ, ಕೈ ತೊಳೆದುಕೊಂಡಿದ್ದರೆ. ಈಗ ಬೆಂಗಳೂರಿನಲ್ಲಿ ಆ ಸೀರೆ ಮಾರುವ ಕೆ.ಎಸ್.ಐ.ಸಿ. ಅಂಗಡಿ ಮುಂದೆ ಬೆಳಗಿನ ಜಾವದಿಂದ ಹೆಂಗಸರು ಸಾಲು ನಿಲ್ಲುತ್ತಾರೆ ಎನ್ನುವ ಸುದ್ದಿ ಟಿ.ವಿ.ಯಲ್ಲಿ ಬಂದಾಗ ಅವ್ವ ಟ್ರಂಕಿಗೆ ಇನ್ನೊಂದು ಬೀಗ ಹಾಕಿದಳು. ನನ್ನ ಬೋನಸ್ಸಿಗೆ ಅದರ ಸೆರಗಷ್ಟೇ ಬರಬಹುದು. ಅಂಗಡಿ ಹುಡುಗ ‘ಸೆಮಿ ಮೈಸೂರು ಸಿಲ್ಕ್ ನೋಡಿ’ ಎಂದ. ಸೆಮಿ ಎನ್ನುವುದಕ್ಕೆ ನನ್ನ ಆಕ್ಷೇಪವಿಲ್ಲ. ನಮ್ಮ ಊರಿಗೆ ಬರುವ ಬಸ್ಸಿನಿಂದ ಹಿಡಿದು ಬಹಳಷ್ಟು ಸೆಮಿಯೇ.

ಆಗ ಕಂಡಿತು ಅದು. ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಸಾಫ್ಟ್ ಸಿಲ್ಕು. ಕಂದಲ್ಲ, ಕೆಂಪಲ್ಲ, ಇಟ್ಟಿಗೆಯಲ್ಲ, ಜೇನಲ್ಲ. ನೆರಿಗೆ ಹಿಡಿದರೆ ಒಂದು ಬಣ್ಣ, ಬಿಟ್ಟರೆ ಇನ್ನೊಂದು. ಹುಡುಗನಿಗೇ ಹೆಸರು ಗೊತ್ತಿರಲಿಲ್ಲ, ‘ಇದು ಹೊಸಾ ಕಲರು ಮೇಡಂ’ ಎಂದು ಜಾರಿಕೊಂಡ. ನಾನು ಸೀರೆಯನ್ನು ಎತ್ತಿಕೊಂಡು ಬಾಗಿಲ ಹೊರಗೆ ಹೋಗಿ ಬಿಸಿಲಿಗೆ ಹಿಡಿದೆ. ಅಂಗಡಿಯವರಿಗೆ ಗಾಬರಿ, ನನಗೆ ಅದು ಡಿ-65. ಒಳಗೆ ಬಂದು ಟ್ಯೂಬ್‌ಲೈಟಿಗೆ ಹಿಡಿದೆ. ಆಮೇಲೆ ದೇವರ ಫೋಟೋ ಮುಂದಿನ ಹಳದಿ ಬಲ್ಬಿಗೆ. ಮೂರರಲ್ಲೂ ಚೆನ್ನಾಗಿತ್ತು, ಮೂರರಲ್ಲೂ ಬೇರೆ ಬೇರೆಯಾಗಿತ್ತು. ಇಂಥದ್ದು ನನ್ನ ಕೈಗೆ ಗಾರ್ಮೆಂಟ್ಸಿನಲ್ಲಿ ಸಿಕ್ಕಿದ್ದರೆ ಆ ಕ್ಷಣವೇ ರಿಜೆಕ್ಟ್ ಎಂದು ಕೆಂಪು ಸ್ಟಿಕ್ಕರ್ ಅಂಟಿಸುತ್ತಿದ್ದೆ. ಇಲ್ಲಿ ‘ಪ್ಯಾಕ್ ಮಾಡಿ’ ಎಂದೆ.

ಬೆಲೆ ಎಷ್ಟೆಂದು ಬರೆಯುವಂತಿಲ್ಲ. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ಒಂದು ಸೀರೆಗೆ ನಮ್ಮೂರಲ್ಲಿ ನಾಲ್ಕು ಬೆಲೆ. ಅಪ್ಪನಿಗೆ ಹೇಳುವುದು ಅತಿ ಕಡಿಮೆ. ಅವ್ವನಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಬಟ್ಟೆ ಮುಟ್ಟಿ ರೇಟು ಹೇಳುವ ವಿದ್ಯೆ ಅವಳಿಗಿದೆ. ಪಕ್ಕದ ಮನೆಯವರು ‘ಎಷ್ಟಾಯ್ತಮ್ಮಿ?’ ಎಂದರೆ ನಿಜಕ್ಕಿಂತ ಐನೂರು ಮೇಲೆ. ನಿಜವಾದ ಬೆಲೆ ಲೈನಿನ ಗೆಳತಿಯರಿಗೆ ಮಾತ್ರ, ಅದೂ ಡಿಸ್ಕೌಂಟ್ ಕಳೆದು. ಕಷ್ಟವಿರುವುದು ಈ ನಾಲ್ವರೂ ಒಂದೇ ಮದುವೆಗೆ ಬಂದಾಗ. ಅತ್ತಿಗೆ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾಳೆ, ಎಲ್ಲರಿಗೂ ‘ನಮ್ ತವರಿನೋರು ಕೊಟ್ಟಿದ್ದು’ ಎನ್ನುತ್ತಾಳೆ. ಅವಳ ತವರಿನವರ ಔದಾರ್ಯ ನೋಡಿ ಅಣ್ಣ ಇತ್ತೀಚೆಗೆ ಮಾವನ ಮನೆಗೆ ಹೋದಾಗ ಬಹಳ ಮರ್ಯಾದೆಯಿಂದ ಕೂರುತ್ತಾನೆ.

ಸೀರೆ ತಂದರೆ ಉಡಲು ಸೀರೆ ಬಂತೆಂದು ಅರ್ಥವಲ್ಲ. ಸೆರಗಿಗೆ ಕುಚ್ಚು ಕಟ್ಟಿಸಬೇಕು. ಹೊಳೆನರಸೀಪುರದ ಒಬ್ಬ ಅಕ್ಕನಿಗೆ ಕೊಟ್ಟೆ. ಮಣಿ ಹಾಕಿ, ಎರಡು ಬಣ್ಣದ ರೇಷ್ಮೆ ದಾರದಲ್ಲಿ ಕಟ್ಟುತ್ತಾರೆ. ಬ್ಲೌಸ್ ಪೀಸು ಕತ್ತರಿಸಿ ಟೈಲರ್ ಆಂಟಿಗೆ ಕೊಟ್ಟೆ. ಇವರ ಅಂಗಡಿಯ ಗೋಡೆಯ ಮೇಲೆ ‘ಹಬ್ಬದೊಳಗೆ ಕೊಡಲಾಗುವುದು’ ಎಂದು ಬರೆದಿದ್ದಾರೆ, ಯಾವ ಹಬ್ಬವೆಂದು ಬರೆದಿಲ್ಲ. ಹಾಸನಾಂಬೆಯ ಗುಡಿಯಲ್ಲಿ ಒಂದು ಸೊಸೆ ಕಲ್ಲಿದೆ. ಅತ್ತೆಯ ಕಾಟದಲ್ಲಿ ಕಲ್ಲಾದವಳು, ವರ್ಷಕ್ಕೆ ಅಕ್ಕಿಕಾಳಿನಷ್ಟು ಅಮ್ಮನ ಪಾದದ ಕಡೆ ಸರಿಯುತ್ತಾಳೆ, ತಲುಪಿದ ದಿನ ಕಲಿಯುಗ ಮುಗಿಯುತ್ತದೆ ಎಂದು ಪ್ರತೀತಿ. ನನ್ನ ಬ್ಲೌಸೂ ಟೈಲರ್ ಆಂಟಿಯ ಮಿಷನ್ನಿನ ಕಡೆಗೆ ಅದೇ ವೇಗದಲ್ಲಿ ಸರಿಯುತ್ತಿತ್ತು. ಒಳ್ಳೆಯವರು, ಅಳತೆ ತೆಗೆಯುವಾಗಲೇ ‘ಒಳಗೆ ಎರಡು ಹೊಲಿಗೆ ಬಿಚ್ಚೋ ಹಾಗೆ ಬಟ್ಟೆ ಬಿಟ್ಟಿರ್ತೀನಿ ಕಣಮ್ಮ, ಹಬ್ಬ ಅಲ್ವಾ’ ಎಂದಿದ್ದರು. ನನ್ನ ಸೊಂಟದ ಬಗ್ಗೆ ಅಲ್ಲ, ನಮ್ಮ ಅಜ್ಜಿಯ ಕೈಯ ಬಗ್ಗೆ ಅವರಿಗೆ ಗೊತ್ತು.

ಆಂಟಿ ಫೋನ್ ಮಾಡಿದ್ದು 'ಲೈನಿಂಗ್ ಬಟ್ಟೆ, ದಾರ ತಂದುಕೊಡು' ಎನ್ನುವುದಕ್ಕೆ. ಕುಚ್ಚಿನ ಅಕ್ಕ 'ಫಾಲ್ಸ್ ತಾ' ಎಂದಿದ್ದರು. ಪೆಟಿಕೋಟು ಹೇಗೂ ಬೇಕು. ನಾಲ್ಕಕ್ಕೂ ಒಂದು ಚೂರು ಬಟ್ಟೆ ಸ್ಯಾಂಪಲ್ಲಿಗೆ ಬೇಕಲ್ಲ? ಕುಚ್ಚಿನ ಅಕ್ಕ ಮಗಳ ಹೆರಿಗೆಯೆಂದು ಮನೆಗೆ ಬೀಗ ಹಾಕಿ ಅರಕಲಗೂಡಿಗೆ ಹೋಗಿದ್ದರು, ಸೀರೆ ಒಳಗೆ. ಬ್ಲೌಸ್ ಪೀಸು ಟೈಲರ್ ಆಂಟಿಯ ಗಂಟುಗಳ ಗುಡ್ಡದಲ್ಲಿ ಎಲ್ಲೋ. ‘ಹುಡುಕಿ ತೆಗೀಬೇಕಂದ್ರೆ ಹಬ್ಬ ಆಗೋಗುತ್ತೆ’ ಎಂದರು. ಫೋನಿನಲ್ಲಿ ಫೋಟೋ ಇತ್ತು. ಅದರಲ್ಲಿ ಸೀರೆ ಒಳ್ಳೆ ಕಿತ್ತಳೆ ಹಣ್ಣಾಗಿತ್ತು. ಫೋಟೋ ನಂಬಿ ಬಣ್ಣ ಹೊಂದಿಸಿದವರ ಮನೆಯಲ್ಲಿ ಎಂಥೆಂಥ ಪೆಟಿಕೋಟುಗಳು ಉಳಿದುಕೊಂಡಿವೆಯೆಂದು ನನಗೆ ಗೊತ್ತು.

ನಾನು ಹೀಗೆ ತಲೆಮೇಲೆ ಕೈಹೊತ್ತು ಕೂತಿದ್ದ ಹೊತ್ತಿಗೆ ಹಿತ್ತಲಿನಲ್ಲಿ ಅಜ್ಜಿ ಬೇರೆಯೇ ಚಿಂತೆಯಲ್ಲಿದ್ದಳು. ದೀಪಾವಳಿ ಎಂದರೆ ನಮ್ಮ ಕಡೆ ಪಟಾಕಿ ಆಮೇಲೆ, ಮೊದಲು ಕಜ್ಜಾಯ. ಅಕ್ಕಿ ನೆನೆಹಾಕಿ, ನೀರು ಬಸಿದು, ಅಪ್ಪನ ಹಳೇ ಪಂಚೆಯ ಮೇಲೆ ನೆರಳಲ್ಲಿ ಹರವಬೇಕು. ಪೂರ್ತಿ ಒಣಗಬಾರದು. ಮುಷ್ಟಿಯಲ್ಲಿ ಹಿಡಿದರೆ ತಣ್ಣಗೆ ಅಂಟಬೇಕು, ಬಿಟ್ಟರೆ ಉದುರಬೇಕು. ಆ ಹದದಲ್ಲೇ ಹಿಟ್ಟು ಮಾಡಿಸಿ ಜರಡಿ ಹಿಡಿಯಬೇಕು. ಇಷ್ಟು ಸುಲಭದ ಭಾಗ. ಕಷ್ಟ ಇರುವುದು ಬೆಲ್ಲದ ಪಾಕದಲ್ಲಿ. ಕುದಿಯುವ ಪಾಕದಿಂದ ಒಂದು ತೊಟ್ಟನ್ನು ತಣ್ಣೀರ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತನೆ ಉಂಡೆಯಾಗಬೇಕು. ಕರಗಿದರೆ ಇನ್ನೂ ಎಳೆ, ಎಣ್ಣೆಗೆ ಬಿಟ್ಟಾಗ ಕಜ್ಜಾಯ ಬಿಚ್ಚಿಕೊಳ್ಳುತ್ತದೆ. ಬಟ್ಟಲಿಗೆ ಬಡಿದು ಟಣ್ ಎಂದರೆ ಮಿಂಚಿತು, ಕಜ್ಜಾಯ ಕಲ್ಲು. ನಡುವಿನ ಆ ಅರೆ ನಿಮಿಷದಲ್ಲಿ ಅಜ್ಜಿಯ ಹತ್ತಿರ ಯಾರೂ ಮಾತಾಡುವಂತಿಲ್ಲ, ಪ್ರಧಾನಮಂತ್ರಿ ಬಂದರೂ ನಿಲ್ಲಬೇಕು. (ಹೊಳೆನರಸೀಪುರ ತಾಲ್ಲೂಕಿನಲ್ಲಿ ಇದನ್ನು ಬಾಯಿಮಾತಿಗೆ ಹೇಳುವುದಿಲ್ಲ, ಒಬ್ಬ ಪ್ರಧಾನಮಂತ್ರಿ ಹುಟ್ಟಿದ ಹರದನಹಳ್ಳಿ ನಮ್ಮದೇ ತಾಲ್ಲೂಕು.) ಈ ವರ್ಷ ಅಂಗಡಿಯಿಂದ ತಂದ ಬೆಲ್ಲದ ಮೇಲೆ ಅವಳಿಗೆ ಅನುಮಾನ. ‘ಸಕ್ಕರೆ ಬೆರಸವ್ರೆ ಇದ್ಕೆ. ಪಾಕ ನನ್ ಮಾತೇ ಕೇಳ್ಲಿಲ್ಲ’ ಎಂದು ಎರಡು ದಿನದಿಂದ ಗೊಣಗುತ್ತಿದ್ದಳು. ಎಳ್ಳು, ಗಸಗಸೆ, ಏಲಕ್ಕಿ ಬಿದ್ದ ಹಿಟ್ಟು ಡಬರಿಯಲ್ಲಿ ಮುಚ್ಚಿಕೊಂಡು ಕೂತಿತ್ತು. ಹಬ್ಬದ ದಿನ ಬಿಚ್ಚಿಕೊಂಡರೆ ಮಾನ ಹೋಗುತ್ತದೆಂದು ಅವತ್ತು ಒಂದೆರಡು ಒತ್ತಿ ನೋಡಲು ಒಲೆ ಹಚ್ಚಿದ್ದಳು.

ಎಣ್ಣೆ ಸವರಿದ ಬಾಳೆಎಲೆಯ ಮೇಲೆ ಒಂದು ನಿಂಬೆಗಾತ್ರದ ಉಂಡೆ ತಟ್ಟಿ ಬಾಣಲೆಗೆ ಜಾರಿಸಿದಳು. ಮುಳುಗಿತು, ಮೇಲೆದ್ದಿತು, ತಿರುವಿದಳು. ಎರಡು ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸಿ ತಟ್ಟೆಗೆ ಹಾಕಿದಳು. ಮೊದಲನೆಯದು ದೇವರ ಹೆಸರಲ್ಲಿ ಒಲೆಯ ಪಕ್ಕಕ್ಕೆ. ಎರಡನೆಯದು ತಟ್ಟೆಗೆ ಬಿದ್ದಾಗ ಬಿಸಿಲು ಅದರ ಮೇಲೆ ಬಿತ್ತು. ಕಂದಲ್ಲ, ಕೆಂಪಲ್ಲ, ಇಟ್ಟಿಗೆಯಲ್ಲ, ಜೇನಲ್ಲ. ‘ಅಜ್ಜಿ, ಇದೇ!’ ಎಂದು ಕಿರುಚಿದೆ.

‘ಯಾವ್ದೇ?’

‘ನನ್ ಸೀರೆ!’

ಅಜ್ಜಿ ನನ್ನನ್ನೂ ಕಜ್ಜಾಯವನ್ನೂ ನೋಡಿದಳು. ಎಡೆ ಆಗುವ ಮುಂಚೆ ಯಾರೂ ತಿನ್ನಬಾರದು. ತೋರಿಸುವುದಕ್ಕೆ ಅಡ್ಡಿಯಿಲ್ಲ ಎಂದು ಬಾಳೆಎಲೆಯಲ್ಲಿ ಸುತ್ತಿ, ಪೇಪರಿನಲ್ಲಿ ಕಟ್ಟಿಕೊಟ್ಟಳು. ‘ತಿಂದ್ಗಿಂದ್ಬಿಟ್ಟೀಯ’ ಎಂದು ಬಸ್‌ಸ್ಟಾಪಿನವರೆಗೂ ಕೇಳುವಂತೆ ಕೂಗಿದಳು.

ಹೊಳೆನರಸೀಪುರದಲ್ಲಿ ಆ ಬಣ್ಣದ ಫಾಲ್ಸ್ ಇರಲಿಲ್ಲ. ಹಾಸನಕ್ಕೆ ಹೋಗಬೇಕು, ಹಾಸನಾಂಬೆಯ ಬಾಗಿಲು ತೆರೆದಿದೆ. ಆಶ್ವಯುಜ ಹುಣ್ಣಿಮೆಯಾದ ಮೇಲಿನ ಗುರುವಾರ ತೆಗೆದು, ಬಲಿಪಾಡ್ಯಮಿ ಕಳೆಯುತ್ತಲೇ ಮುಚ್ಚಿದರೆ ಇನ್ನು ವರ್ಷದವರೆಗೆ ಇಲ್ಲ. ಹಚ್ಚಿದ ದೀಪ ವರ್ಷವಿಡೀ ಆರುವುದಿಲ್ಲ, ಮುಡಿಸಿದ ಹೂವು ಬಾಡುವುದಿಲ್ಲ ಎಂದು ನಂಬಿಕೆ. ಆ ದಿನಗಳಲ್ಲಿ ರಾಜ್ಯದ ಅರ್ಧ ಜನ ಹಾಸನದಲ್ಲಿರುತ್ತಾರೆ. ಅವರಲ್ಲಿ ಹೆಂಗಸರೆಲ್ಲ ಸೊನ್ನೆ ಟಿಕೆಟ್ಟಿನಲ್ಲಿ ಬಂದವರು, ದರ್ಶನ ಆದ ಮೇಲೆ ಕಟ್ಟಿನಕೆರೆ ಮಾರ್ಕೆಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕದೆ ವಾಪಸ್ ಹೋಗದವರು. ಬಸ್ಸಿನಲ್ಲಿ ನಿಂತು, ಕಜ್ಜಾಯವನ್ನು ತಲೆಯ ಮೇಲೆ ಹಿಡಿದುಕೊಂಡು ಹೋದೆ. ಏಲಕ್ಕಿಯ ವಾಸನೆಗೆ ಪಕ್ಕದವರೆಲ್ಲ ತಿರುಗಿ ನೋಡುತ್ತಿದ್ದರು. ಒಬ್ಬರು ‘ಪ್ರಸಾದವೇನಮ್ಮಾ?’ ಎಂದು ಕೈ ಮುಗಿದರು.

ಮ್ಯಾಚಿಂಗ್ ಸೆಂಟರಿನಲ್ಲಿ ಸೂಜಿ ಬಿದ್ದರೂ ನೆಲಕ್ಕೆ ಹೋಗದಷ್ಟು ಜನ. ಕೌಂಟರಿನ ಹುಡುಗ ತಲೆ ಎತ್ತದೆ ಕೈ ಚಾಚಿದ, ‘ಸ್ಯಾಂಪಲ್.’ ಪೇಪರು, ಬಾಳೆಎಲೆ ಬಿಚ್ಚಿ ಮುಂದಿಟ್ಟೆ. ತಲೆ ಎತ್ತಿದ.

‘ಏನ್ ಮೇಡಂ ಇದು?’

‘ಕಲರು.’

ವೃತ್ತಿಪರನೆಂದರೆ ಅವನು. ಒಂದು ಮಾತು ಆಡದೆ ಪೆಟಿಕೋಟಿನ ಕಟ್ಟುಗಳನ್ನು ಇಳಿಸಿದ. ಒಂದೊಂದೇ ಕಜ್ಜಾಯದ ಪಕ್ಕಕ್ಕೆ ಹಿಡಿದ. ‘ಅಂಚಿನದಾ, ನಡುವಿನದಾ?’ ಎಂದು ಕೇಳಿದ. ಸರಿಯಾದ ಪ್ರಶ್ನೆ. ಕಜ್ಜಾಯಕ್ಕೆ ಅಂಚು ಯಾವಾಗಲೂ ಒಂದು ಶೇಡು ಜಾಸ್ತಿ. ‘ನಡುವಿನದು. ಆದ್ರೆ ಬಿಸೀದು. ಆರಿದ್ಮೇಲೆ ಸ್ವಲ್ಪ ಡಾರ್ಕ್ ಆಗಿದೆ’ ಎಂದೆ. ಪಕ್ಕದಲ್ಲಿ ಜಾಕೀಟು ಬಟ್ಟೆ ನೋಡುತ್ತಿದ್ದ ಒಬ್ಬ ಅಜ್ಜಿ ‘ಬೆಲ್ಲ ಹಳೇದಾದ್ರೆ ಹಂಗೇ ಕಣವ್ವ ಕಪ್ಪಾಗೋದು’ ಎಂದರು. ಇನ್ನೊಬ್ಬರು ‘ನಮ್ಮನೇಲಿ ಇಷ್ಟು ಕೆಂಪು ಬಿಡಲ್ಲ, ಬೇಗ ತೆಗೀತೀವಿ’ ಎಂದರು. ‘ಬೇಗ ತೆಗುದ್ರೆ ಒಳಗೆ ಹಸಿ ಉಳ್ಕೊಳುತ್ತೆ.’ ‘ಉರಿ ಸಣ್ಣಗಿಟ್ರೆ ಉಳ್ಕೊಳಲ್ಲ.’ ಅಲ್ಲಿಗೆ ಮ್ಯಾಚಿಂಗ್ ಸೆಂಟರು ಎರಡು ಪಕ್ಷವಾಯಿತು. ನಾನು ಈ ಗದ್ದಲದ ನಡುವೆ ಪೆಟಿಕೋಟನ್ನೂ ಕಜ್ಜಾಯವನ್ನೂ ಎತ್ತಿಕೊಂಡು ಬೀದಿಗೆ ಹೋಗಿ ಬಿಸಿಲಲ್ಲಿ ಹಿಡಿದೆ, ಒಳಗೆ ಬಂದು ಟ್ಯೂಬ್‌ಲೈಟಿನಲ್ಲಿ ಹಿಡಿದೆ. ಪೆಟಿಕೋಟು ಪಾಸು. ಲೈನಿಂಗ್ ಪಾಸು. ಫಾಲ್ಸ್ ಎರಡು ರಿಜೆಕ್ಟ್ ಆಗಿ ಮೂರನೆಯದು ಪಾಸು. ನಾನು ಪರ್ಸಿನಲ್ಲಿ ಚಿಲ್ಲರೆ ಹುಡುಕಿ ತಲೆ ಎತ್ತುವಷ್ಟರಲ್ಲಿ ಕೌಂಟರಿನ ಮೇಲೆ ಬರೀ ಬಾಳೆಎಲೆ.

ಹುಡುಗ ಬಾಯಿ ಒರೆಸಿಕೊಂಡ. ‘ಮೇಡಂ, ದಾರ ಇನ್ನೂ ನೋಡ್ಬೇಕಲ್ಲ’ ಎಂದ. ‘ಇನ್ನೊಂದು ಸ್ಯಾಂಪಲ್ ಇದ್ರೆ ಕೊಡಿ.’

ಮನೆಗೆ ಬಂದು ಅಜ್ಜಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ದೇವರಿಗೆ ಎಡೆ ಆಗುವ ಮುಂಚೆ ಹಾಸನದ ಮ್ಯಾಚಿಂಗ್ ಸೆಂಟರಿಗೆ ಆಗಿಬಿಟ್ಟಿತ್ತು. ಅಜ್ಜಿ ಅಂಗಳದಲ್ಲಿ ಎಳ್ಳು ಆರಿಸುತ್ತಾ ಕೂತಿದ್ದಳು. ಪೆಟಿಕೋಟು ತೋರಿಸಿದೆ, ಫಾಲ್ಸ್ ತೋರಿಸಿದೆ. ಎರಡನ್ನೂ ನೋಡಲಿಲ್ಲ.

‘ಕಜ್ಜಾಯ ಎಲ್ಲಮ್ಮಿ?’

‘ಅಂಗಡಿ ಹುಡ್ಗ ತಿಂದ್ಬಿಟ್ಟ ಅಜ್ಜಿ.’

ಅಜ್ಜಿ ಮೊರ ಕೆಳಗಿಟ್ಟಳು.

‘ತಿಂದು ಏನಂದ?’

‘ದಾರಕ್ಕೆ ಮ್ಯಾಚ್ ಮಾಡ್ಬೇಕು, ಇನ್ನೊಂದು ಕೊಡಿ ಅಂದ.’

‘ದಾರಕ್ಕಲ್ಲ ಕಣೇ ದಡ್ಡಿ’ ಎಂದು ಅಜ್ಜಿ ಮೊರ ಎತ್ತಿಕೊಂಡು ಒಳಗಿದ್ದ ಅವ್ವನಿಗೆ ಕೇಳುವ ಹಾಗೆ ಕೂಗಿದಳು: ‘ಪಾಕ ಸರ್ಯಾಗೇ ಬಂದೈತಂತೆ, ನಾಳೀಕೆ ಒಲೆ ಹಚ್ಚು!’